ಬಾಕ್ಸ್ ಬದಲಿಸುವ ಮುನ್ನ ಜಾಗ ಬದಲಿಸಿ

ಹಂಪಸಾಗರ, ತಂಬ್ರಹಳ್ಳಿ, ಹಡಗಲಿ ಸೀಮೆಯಲ್ಲಿ ಬಯಲು ನಾಟಕ ಇದೆಯೆಂದರೆ ಅನುಭವಸ್ಥರು ಹೊತ್ತು ಮುಳುಗುವ ಮೊದಲೇ ಚಾಪೆ ಹಿಡಿದು ಹೊರಡುತ್ತಾರೆ. ತೀರ ಮುಂದೆ ಕೂತರೆ ಪೇಟಿ ಮಾಸ್ತರರ ಪೇಟಿಯೇ ಕಿವಿ ತುಂಬುತ್ತದೆ. ಒಂದು ಮಗ್ಗುಲಿಗೆ ಸರಿದರೆ ತಬಲಾ ಬಡಿತ ಮಾತನ್ನು ನುಂಗುತ್ತದೆ. ಹಿಂದೆ ಹೋದರೆ ಮಾತು ತೇಲಿಹೋಗುತ್ತದೆ. ಆದ್ದರಿಂದ ರಂಗದ ನಟ್ಟನಡುವಿಗೆ ಎದುರಾಗಿ, ಸ್ವಲ್ಪ ದೂರದಲ್ಲಿ ಚಾಪೆ ಹಾಸುತ್ತಾರೆ. ಎಂ.ಪಿ. ಪ್ರಕಾಶ್ ಹಡಗಲಿಯಲ್ಲಿ ರಂಗಭಾರತಿ ರಂಗಸಂಸ್ಥೆ ಕಟ್ಟಿದ, ಮಂಜಮ್ಮ ಜೋಗತಿಯವರು ಮರಿಯಮ್ಮನಹಳ್ಳಿಯಲ್ಲಿ ಕಲಾವಿದೆಯಾಗಿ ಬೆಳೆದು ನಿಂತ ಈ ಸೀಮೆಯಲ್ಲಿ ಕೂರುವ ಜಾಗಕ್ಕೂ ಕೇಳುವ ಸುಖಕ್ಕೂ ಇರುವ ನಂಟನ್ನು ಯಾರೂ ಪಾಠ ಮಾಡಿ ಹೇಳಬೇಕಿಲ್ಲ.

ಮನೆಯ ಸ್ಪೀಕರಿನ ವಿಷಯಕ್ಕೆ ಬಂದಾಗ ಮಾತ್ರ ಈ ತಿಳಿವಳಿಕೆ ಮರೆತುಹೋಗುತ್ತದೆ. ಒಂದು ಬಾಕ್ಸ್ ಷೋಕೇಸಿನೊಳಗೆ, ಇನ್ನೊಂದು ಬೀರುವಿನ ತಲೆಯ ಮೇಲೆ. ಒಂದು ಪಡಸಾಲೆಯಲ್ಲಿ, ಇನ್ನೊಂದು ಅಡುಗೆಮನೆಯ ಬಾಗಿಲಲ್ಲಿ. ಗೋಡೆಯ ಗೂಡಿನಲ್ಲಿ ಒಂದು, ಕಿಟಕಿಯ ಕಟ್ಟೆಯ ಮೇಲೆ ಒಂದು. ಆಮೇಲೆ ಸದ್ದು ಸರಿಯಿಲ್ಲವೆಂದು ಬಾಕ್ಸನ್ನು ಬೈದು ಹೊಸದಕ್ಕೆ ದುಡ್ಡು ಕೂಡಿಸುತ್ತೇವೆ. ಹೆಚ್ಚಿನ ಮನೆಗಳಲ್ಲಿ ತಪ್ಪು ಇರುವುದು ಬಾಕ್ಸಿನಲ್ಲಲ್ಲ, ಅದನ್ನು ಇಟ್ಟ ಜಾಗದಲ್ಲಿ. ಜಾಗ ಬದಲಿಸಲು ಒಂದು ಪೈಸೆಯೂ ಬೇಡ. ಅಳತೆಯ ಟೇಪು, ಉದ್ದನೆಯ ವೈರು, ಒಂದು ಸಂಜೆಯ ಬಿಡುವು ಇದ್ದರೆ ಸಾಕು.

ಎರಡು ಸ್ಪೀಕರ್ ಏಕೆ ಎಂಬಲ್ಲಿಂದ ಶುರು ಮಾಡೋಣ. ಸದ್ದು ಹೆಚ್ಚಾಗಲಿ ಎಂದಷ್ಟೇ ಆಗಿದ್ದರೆ ಒಂದೇ ದೊಡ್ಡ ಬಾಕ್ಸ್ ಸಾಕಿತ್ತು. ಬಲಗಡೆಯಿಂದ ಯಾರಾದರೂ ಕೂಗಿದರೆ ಆ ದನಿ ಬಲಗಿವಿಗೆ ಮೊದಲು ಮುಟ್ಟುತ್ತದೆ, ತುಸು ಜೋರಾಗಿಯೂ ಮುಟ್ಟುತ್ತದೆ. ಎರಡೂ ಕಿವಿಗಳ ನಡುವಿನ ಈ ಹೊತ್ತಿನ ಅಂತರ ಹೆಚ್ಚೆಂದರೂ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸವನ್ನೇ ಹಿಡಿದು ದನಿ ಎತ್ತಲಿಂದ ಬಂತೆಂದು ಮಿದುಳು ಗೊತ್ತುಮಾಡುತ್ತದೆ. ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ರೇಲಿ ಇದನ್ನು 1907ರಲ್ಲಿ ವಿವರಿಸಿದರು. 1931ರಲ್ಲಿ ಇಎಂಐ ಕಂಪನಿಯ ಎಂಜಿನಿಯರ್ ಆಲನ್ ಬ್ಲಮ್‌ಲೈನ್ ಇದೇ ತತ್ವವನ್ನು ಧ್ವನಿಮುದ್ರಣಕ್ಕೆ ಒಗ್ಗಿಸಿ ಸ್ಟೀರಿಯೋ ಪದ್ಧತಿಗೆ ಪೇಟೆಂಟ್ ಅರ್ಜಿ ಹಾಕಿದರು. ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದದ್ದು ಅದಕ್ಕೂ ಕಾಲು ಶತಮಾನದ ಮೇಲೆ, 1958ರ ಹೊತ್ತಿಗೆ. ಎರಡೂ ಬಾಕ್ಸಿನಿಂದ ಒಂದೇ ದನಿ ಸಮನಾಗಿ ಬಂದರೆ, ಹಾಡುಗಾರ ಎರಡರ ನಡುವಿನ ಖಾಲಿ ಜಾಗದಲ್ಲಿ ಕೂತು ಹಾಡುತ್ತಿದ್ದಾನೆ ಎಂದು ಕಿವಿ ನಂಬುತ್ತದೆ. ಸ್ಟೀರಿಯೋ ಎಂದರೆ ಇಷ್ಟೇ. ಈ ನಂಬಿಕೆ ಗಟ್ಟಿಯಾಗಬೇಕಾದರೆ ಜಾಗ ಸರಿಯಿರಬೇಕು.

ಮೊದಲ ನಿಯಮ ತ್ರಿಕೋನ. ಎರಡು ಸ್ಪೀಕರ್, ಕೇಳುವವರ ತಲೆ, ಈ ಮೂರೂ ಸಮಬಾಹು ತ್ರಿಕೋನದ ಮೂರು ಮೂಲೆಗಳಂತಿರಬೇಕು. ಬಾಕ್ಸುಗಳ ನಡುವೆ ಆರು ಅಡಿ ಇದ್ದರೆ, ಪ್ರತಿ ಬಾಕ್ಸಿನಿಂದ ನಿಮ್ಮ ತಲೆಗೂ ಆರು ಅಡಿ. ಬಾಕ್ಸುಗಳನ್ನು ಬಹಳ ಹತ್ತಿರ ಇಟ್ಟರೆ ವಾದ್ಯಗಳೆಲ್ಲ ಒಂದೇ ಕಡೆ ಗುಂಪುಗೂಡುತ್ತವೆ, ಬಹಳ ದೂರ ಇಟ್ಟರೆ ನಡುವೆ ತೂತು ಬೀಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಎರಡೂ ಕಡೆಯ ದೂರ ಸಮನಾಗಿರುವುದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನೀವು ಒಂದು ಬಾಕ್ಸಿಗೆ ಇನ್ನೊಂದಕ್ಕಿಂತ ಒಂದೇ ಒಂದು ಅಡಿ ಹತ್ತಿರವಾದರೂ ಅದರ ಸದ್ದು ಹೆಚ್ಚುಕಡಿಮೆ 0.9 ಮಿಲಿಸೆಕೆಂಡ್ ಮೊದಲು ಬರುತ್ತದೆ. ಮಿದುಳಿಗೆ ಅಷ್ಟು ಸಾಕು, ಹಾಡುಗಾರನನ್ನು ಎತ್ತಿ ಹತ್ತಿರದ ಬಾಕ್ಸಿನ ಬಳಿ ಕೂರಿಸಿಬಿಡುತ್ತದೆ. ಕಣ್ಣಳತೆಗೆ ಬಿಡದೆ ಟೇಪು ಹಿಡಿದು ಅಳೆಯಬೇಕು ಎನ್ನುವುದು ಇದಕ್ಕೇ.

ಎರಡನೆಯದು ಎತ್ತರ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಡೆಂಕನಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಲೇ ಜನಸಾಗರ ಮೌನವಾಗುತ್ತದೆ, ಆಮೇಲೆ ಕಾರಣಿಕದ ಭವಿಷ್ಯನುಡಿ ಬೀಳುತ್ತದೆ. ಭಕ್ತಿಯ ಮಾತು ಭಕ್ತಿಗಿರಲಿ, ಇದರಲ್ಲಿ ಸದ್ದಿನ ಶಾಸ್ತ್ರವೂ ಇದೆ. ನೆಲದ ಮಟ್ಟದಲ್ಲಿ ನಿಂತು ಕೂಗಿದರೆ ಮುಂದಿನ ಸಾಲಿನವರ ಮೈ, ಬಟ್ಟೆ, ಪೇಟಗಳು ದನಿಯನ್ನು ಹೀರುತ್ತವೆ. ಎತ್ತರದಿಂದ ಬಂದ ದನಿ ತಲೆಗಳನ್ನು ದಾಟಿ ನೇರ ಕಿವಿಗೆ ಮುಟ್ಟುತ್ತದೆ. ಅಡೆತಡೆಯಿಲ್ಲದೆ ನೇರವಾಗಿ ಬರುವ ದನಿಯೇ ಸ್ಪಷ್ಟವಾದ ದನಿ.

ಸ್ಪೀಕರಿನಲ್ಲಿ ಈ ಸ್ಪಷ್ಟತೆ ಇರುವುದು ಮೇಲಿನ ಚಿಕ್ಕ ಟ್ವೀಟರಿನಲ್ಲಿ. ಸ, ಶ, ತ ಅಕ್ಷರಗಳ ಅಂಚು, ತಾಳದ ಕಿಣಿಕಿಣಿ, ತಂಬೂರಿಯ ಝೇಂಕಾರದ ತುದಿ ಎಲ್ಲ ಅಲ್ಲಿಂದಲೇ ಬರುತ್ತವೆ. ಈ ಎತ್ತರದ ಸ್ವರಗಳು ಟ್ವೀಟರ್ ಮುಖ ಮಾಡಿದ ಕಡೆಗೇ ಹೆಚ್ಚಾಗಿ ಸಾಗುತ್ತವೆ, ತಗ್ಗುಸ್ವರ ನುಡಿಸುವ ದೊಡ್ಡ ವೂಫರಿನ ಸದ್ದಿನಂತೆ ಎಲ್ಲೆಡೆ ಹರಡುವುದಿಲ್ಲ. ಆದ್ದರಿಂದ ಟ್ವೀಟರ್ ನಿಮ್ಮ ಕಿವಿಯ ಮಟ್ಟದಲ್ಲಿರಬೇಕು. ಕುರ್ಚಿಯಲ್ಲಿ ಕೂತವರ ಕಿವಿ ನೆಲದಿಂದ ಸುಮಾರು ಮೂರು, ಮೂರೂಕಾಲು ಅಡಿ ಎತ್ತರದಲ್ಲಿರುತ್ತದೆ. ಸ್ಪೀಕರ್ ಸ್ಟ್ಯಾಂಡುಗಳ ಎತ್ತರ ಸಾಮಾನ್ಯವಾಗಿ ಇದೇ ಲೆಕ್ಕದ್ದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಜಮಖಾನೆ ಹಾಸಿ ನೆಲದ ಮೇಲೆ ಕೂತು ಕೇಳುವ ರೂಢಿ. ಹಾಗೆ ಕೂತರೆ ಕಿವಿ ಎರಡೂವರೆ ಅಡಿಯ ಆಸುಪಾಸಿಗೆ ಇಳಿಯುತ್ತದೆ. ನೆಲದಲ್ಲಿ ಕೂರುವವರು ಬಾಕ್ಸನ್ನೂ ಅಷ್ಟೇ ಕೆಳಗಿಳಿಸಬೇಕು, ಇಲ್ಲವೇ ತುಸು ಮುಂದಕ್ಕೆ ಬಾಗಿಸಬೇಕು. ಬೀರುವಿನ ಮೇಲಿಟ್ಟ ಬಾಕ್ಸಿನ ಟ್ವೀಟರ್ ಎದುರುಗೋಡೆಗೆ ಹಾಡುತ್ತಿರುತ್ತದೆ, ನಮಗಲ್ಲ.

ಮೂರನೆಯದು ಗೋಡೆ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ವೂಫರಿನ ತಗ್ಗುಸ್ವರ ಮುಂದಕ್ಕಷ್ಟೇ ಹೋಗುವುದಿಲ್ಲ, ಬಾಕ್ಸನ್ನು ಬಳಸಿ ಹಿಂದಕ್ಕೂ ಹೋಗಿ ಗೋಡೆಗೆ ಬಡಿದು ಮರಳುತ್ತದೆ. ಮರಳಿದ ಅಲೆ ನೇರ ಬಂದ ಅಲೆಯೊಂದಿಗೆ ಕೂಡಿದರೆ ಸದ್ದು ಉಬ್ಬುತ್ತದೆ, ಅದಕ್ಕೆ ತಿರುವುಮುರುವಾಗಿ ಬಂದರೆ ಸದ್ದು ಕರಗುತ್ತದೆ. ಬಾಕ್ಸ್ ಗೋಡೆಗೆ ಅಂಟಿಕೊಂಡಿದ್ದರೆ ತಗ್ಗುಸ್ವರಗಳು 6 ಡೆಸಿಬೆಲ್‌ವರೆಗೂ ಹೆಚ್ಚಬಹುದು. ಮೂಲೆಯಲ್ಲಿ, ನೆಲದ ಮೇಲಿಟ್ಟರೆ ಎರಡು ಗೋಡೆ ಮತ್ತು ನೆಲ ಸೇರಿ ಮೂರೂ ಕಡೆಯಿಂದ ಉಬ್ಬು. ಡಗ್ಗದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುವ ಬದಲು ಗುಂಯ್‌ಗುಟ್ಟುವ ಒಂದೇ ಮುದ್ದೆಯಾಗುತ್ತದೆ. ಇನ್ನು ದೂರ ಸರಿಸಿದಾಗ ಕರಗುವ ಸ್ವರದ ಲೆಕ್ಕ ಸರಳ: ಸದ್ದಿನ ವೇಗವನ್ನು ಗೋಡೆಯ ದೂರದ ನಾಲ್ಕು ಪಟ್ಟಿನಿಂದ ಭಾಗಿಸಬೇಕು. ವೂಫರಿನಿಂದ ಗೋಡೆ ಎರಡು ಅಡಿ ದೂರವಿದ್ದರೆ ಸುಮಾರು 140 ಹರ್ಟ್ಸ್, ಎರಡೂವರೆ ಅಡಿ ಇದ್ದರೆ ಸುಮಾರು 112 ಹರ್ಟ್ಸ್ ಸೊರಗುತ್ತದೆ. ಗಂಡುದನಿಯ ತಳವೂ ಇದೇ ಆಸುಪಾಸಿನದು. ಬೆನ್ನಿನ ಗೋಡೆ, ಪಕ್ಕದ ಗೋಡೆ ಎರಡೂ ಒಂದೇ ದೂರದಲ್ಲಿದ್ದರೆ ಒಂದೇ ಸ್ವರಕ್ಕೆ ಎರಡು ಸಲ ಪೆಟ್ಟು ಬೀಳುತ್ತದೆ. ಅದಕ್ಕಾಗಿ ಆ ಎರಡು ದೂರಗಳನ್ನು ಬೇರೆಬೇರೆ ಇಡಬೇಕು.

ಒಂದು ಕಾಲದಲ್ಲಿ ಹಳ್ಳಿಗಳಲ್ಲಿ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂಡಿಸಿ ಹಾಡು ಹಾಕುತ್ತಿದ್ದರು. ಬಾಕ್ಸ್ ಮಾಡಿಸಲು ದುಡ್ಡಿಲ್ಲದ ಹುಡುಗರ ಆ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ. ಮಡಕೆಯೊಳಗಿನ ಗಾಳಿಗೆ ತನ್ನದೇ ಆದ ಒಂದು ಸ್ವರವಿರುತ್ತದೆ, ಆ ಸ್ವರ ಬಂದಾಗ ಮಡಕೆ ಅದನ್ನು ಎತ್ತಿ ಹೇಳುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ಅಭ್ಯಾಸ ಮಾಡಿದ್ದು ಇಂಥ ಪಾತ್ರೆಗಳನ್ನೇ. ತೊಡಕೆಂದರೆ, ಮಡಕೆ ಎತ್ತಿ ಹಿಡಿಯುವುದು ತನ್ನ ಒಂದು ಸ್ವರವನ್ನು ಮಾತ್ರ, ಹಾಡಿನ ಮಿಕ್ಕ ತಗ್ಗುಸ್ವರಗಳನ್ನಲ್ಲ. ಗೋಡೆಯ ಗೂಡಿನಲ್ಲಿ, ಷೋಕೇಸಿನ ಖಾನೆಯಲ್ಲಿ ಬಾಕ್ಸ್ ತುರುಕಿದಾಗಲೂ ಇದೇ ಆಗುತ್ತದೆ. ಸ್ಪೀಕರಿನ ಸುತ್ತ ಗಾಳಿಯಾಡಲು ಬಿಡಿ. ಖಾನೆಯಲ್ಲಿಯೇ ಇಡಬೇಕಾದ ಮನೆಗಳಲ್ಲಿ ಬಾಕ್ಸಿನ ಮುಖವನ್ನು ಖಾನೆಯ ಅಂಚಿನವರೆಗೆ ಮುಂದೆ ತನ್ನಿ, ಸುತ್ತಲ ಸಂದಿಗೆ ಹಳೆ ಬಟ್ಟೆ ತುಂಬಿ.

ಮಡಕೆಗಿರುವಂತೆ ಕೋಣೆಗೂ ತನ್ನ ಸ್ವರಗಳಿವೆ. ಎದುರುಬದುರು ಗೋಡೆಗಳ ನಡುವೆ ಓಡಾಡುವ ಸದ್ದು ಕೆಲವು ಸ್ವರಗಳಲ್ಲಿ ತನ್ನ ಮೇಲೆ ತಾನೇ ಬಿದ್ದು ನಿಂತುಬಿಡುತ್ತದೆ. ಹತ್ತು ಅಡಿ ಅಂತರದ ಗೋಡೆಗಳಿಗೆ ಹೀಗೆ ನಿಲ್ಲುವ ಮೊದಲನೆಯ ಸ್ವರ ಸುಮಾರು 56 ಹರ್ಟ್ಸ್. ನಮ್ಮ ಊರುಗಳಲ್ಲಿ ಹತ್ತು ಬೈ ಹತ್ತರ ಕೋಣೆ ಬಹಳ. ಚಾವಣಿಯೂ ಹತ್ತು ಅಡಿ ಎತ್ತರದಲ್ಲಿದ್ದರೆ ಉದ್ದ, ಅಗಲ, ಎತ್ತರ ಮೂರಕ್ಕೂ ಅದೇ 56 ಹರ್ಟ್ಸ್. ಮೂರೂ ಸೇರಿ ಆ ಒಂದು ಸ್ವರ ಕೆಲವೆಡೆ ಅಬ್ಬರಿಸುತ್ತದೆ, ಕೆಲವೆಡೆ ಕಾಣೆಯಾಗುತ್ತದೆ. ಗೋಡೆಗೆ ಒರಗಿ ಕೂತವರಿಗೆ ಅದು ವಿಪರೀತ, ಕೋಣೆಯ ನಟ್ಟನಡುವೆ ಕೂತವರಿಗೆ ಇಲ್ಲವೇ ಇಲ್ಲ. ಗೋಡೆಗೊರಗಿಯೂ ಕೂರಬೇಡಿ, ಸರಿಯಾಗಿ ನಡುಮಧ್ಯದಲ್ಲೂ ಕೂರಬೇಡಿ ಎನ್ನುವುದು ಇದಕ್ಕಾಗಿ. ಕೋಣೆಯ ಉದ್ದದಲ್ಲಿ ಸುಮಾರು ಶೇಕಡಾ 38 ಭಾಗವನ್ನು ನಿಮ್ಮ ಬೆನ್ನ ಹಿಂದೆ ಬಿಡುವುದು ಬಲ್ಲವರು ಸಾಮಾನ್ಯವಾಗಿ ಹೇಳುವ ಆರಂಭದ ಲೆಕ್ಕ.

ಇದನ್ನೆಲ್ಲ ಒಂದು ಕೋಣೆಗೆ ಇಳಿಸಿ ನೋಡೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯೆಂದು ಇಟ್ಟುಕೊಳ್ಳಿ. ಅಗಲ ಕಡಿಮೆಯಿರುವ ಗೋಡೆಯ ಕಡೆ ಸ್ಪೀಕರ್ ಇಡಿ, ಸದ್ದು ಕೋಣೆಯ ಉದ್ದಕ್ಕೆ ಹರಿಯಲಿ. ಬಾಕ್ಸಿನ ಮುಖದಿಂದ ಬೆನ್ನಿನ ಗೋಡೆಗೆ ಎರಡೂವರೆ ಅಡಿ. ಬಾಕ್ಸಿನ ನಡುವಿನಿಂದ ಪಕ್ಕದ ಗೋಡೆಗೆ ಎರಡೆರಡು ಅಡಿ. ಆಗ ಎರಡು ಬಾಕ್ಸುಗಳ ನಡುವೆ ಆರು ಅಡಿ ಉಳಿಯುತ್ತದೆ. ಸಮಬಾಹು ತ್ರಿಕೋನದ ಲೆಕ್ಕದಂತೆ ಬಾಕ್ಸುಗಳ ಸಾಲಿನಿಂದ ನೀವು ಕೂರುವ ಜಾಗಕ್ಕೆ ಐದು ಅಡಿ ಎರಡೂವರೆ ಇಂಚು. ನಿಮ್ಮ ಬೆನ್ನ ಹಿಂದೆ ನಾಲ್ಕೂಕಾಲು ಅಡಿ ಉಳಿಯಿತು, ಎಂದರೆ ಹನ್ನೆರಡು ಅಡಿಯಲ್ಲಿ ಸುಮಾರು ಶೇಕಡಾ 36. ಟಿ.ವಿ. ಇದ್ದರೆ ಅದು ಎರಡೂ ಬಾಕ್ಸುಗಳಿಗಿಂತ ಹಿಂದೆ, ಗೋಡೆಯ ಬಳಿ ಇರಲಿ. ಓಡಾಡಲು ಅಡ್ಡವಾಗುತ್ತದೆ ಎನ್ನುವವರು ಹಾಡು ಕೇಳುವಾಗ ಬಾಕ್ಸನ್ನು ಮುಂದೆ ತಂದು ಆಮೇಲೆ ಹಿಂದಕ್ಕೆ ಸರಿಸಬಹುದು. ನೆಲದ ಮೇಲೆ ಸುಣ್ಣದ ಗುರುತು ಹಾಕಿಟ್ಟರೆ ಪ್ರತಿಸಲ ಅಳೆಯುವ ಕೆಲಸವಿಲ್ಲ.

ಇನ್ನು ಮಾರ್ದನಿಯ ಮಾತು. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಸುಮಾರು 38 ಮೀಟರ್ ಅಗಲದ ಗುಮ್ಮಟದೊಳಗೆ ಸದ್ದು ದೂರ ಹೋಗಿ ತಡವಾಗಿ ಮರಳುವುದರಿಂದ ಒಂದೊಂದೂ ಬೇರೆಯಾಗಿ ಕೇಳುತ್ತದೆ. ಮನೆಯ ಕೋಣೆಯಲ್ಲೂ ಸದ್ದು ಮರಳುತ್ತದೆ, ಆದರೆ ಬೇಗ ಬೇಗ ಮರಳುತ್ತದೆ. ಒಂದರ ಹಿಂದೆ ಒಂದು ಮೂವತ್ತು ಮಿಲಿಸೆಕೆಂಡಿನೊಳಗೆ ಬಂದ ಸದ್ದುಗಳನ್ನು ಮಿದುಳು ಒಂದೇ ಎಂದು ಹೆಣೆದುಬಿಡುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿಕೊಟ್ಟರು. ಹಾಗಾಗಿ ಮನೆಯಲ್ಲಿ ಮಾರ್ದನಿ ಬೇರೆಯಾಗಿ ಕೇಳುವುದಿಲ್ಲ. ಹಾಡಿನೊಳಗೇ ಸೇರಿಕೊಂಡು ದನಿಯ ಬಣ್ಣ ಕೆಡಿಸುತ್ತದೆ, ಮಾತಿನ ಅಂಚು ಅಳಿಸುತ್ತದೆ.

ಈ ದೃಷ್ಟಿಯಿಂದ ನಮ್ಮ ಹಳೆಯ ಮಾಳಿಗೆ ಮನೆಗಳು ಎಷ್ಟು ಚೆನ್ನಾಗಿದ್ದವು! ಕಲ್ಲುಮಣ್ಣಿನ ಒರಟು ಗೋಡೆ, ತೊಲೆ ಜಂತಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ಪಡಸಾಲೆಯಲ್ಲಿ ಒಟ್ಟಿದ ಜೋಳ ಶೇಂಗಾ ಚೀಲಗಳು, ಹಗ್ಗದ ಮೇಲೆ ನೇತುಹಾಕಿದ ಕಂಬಳಿ ಕೌದಿಗಳು. ಮೆತ್ತಗಿನದು ಸದ್ದನ್ನು ಹೀರುತ್ತಿತ್ತು, ಒರಟಾದದ್ದು ಚದುರಿಸುತ್ತಿತ್ತು. ಇಂದಿನ ಆರ್‌ಸಿಸಿ ಮನೆಯಲ್ಲಿ ನುಣುಪು ಗಿಲಾವು, ಹೊಳೆಯುವ ಟೈಲ್ಸು, ಗಾಜಿನ ಕಿಟಕಿ. ಬರಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಟಿಣ್ ಎಂಬ ಲೋಹದ ದನಿ ಬಾಲದಂತೆ ಹಿಂಬಾಲಿಸಿದರೆ, ನಿಮ್ಮ ಪ್ರತಿ ಹಾಡಿಗೂ ಆ ಬಾಲ ಅಂಟಿಕೊಂಡಿದೆ ಎಂದೇ ಲೆಕ್ಕ.

ಇದಕ್ಕೆ ಮದ್ದು ನಮ್ಮ ಮನೆಯಲ್ಲೇ ಇದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಸಭಾಂಗಣದಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ವ್ಯಾಲೇಸ್ ಸಬೈನ್ ಎಂಬ ತರುಣ ಪ್ರಾಧ್ಯಾಪಕರು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಅಳೆದರು. ಮೆತ್ತೆ ಹೆಚ್ಚಿದಂತೆ ಮಾರ್ದನಿ ಇಳಿಯಿತು. ಸಭಾಂಗಣಗಳ ಧ್ವನಿಶಾಸ್ತ್ರ ಹುಟ್ಟಿದ್ದು ಆ ಮೆತ್ತೆಗಳಿಂದ. ನಮ್ಮ ಕೌದಿ, ಹತ್ತಿಯ ಹಾಸಿಗೆ, ಕುರಿ ಉಣ್ಣೆಯ ಕರಿ ಕಂಬಳಿ ಆ ಮೆತ್ತೆಗಳಿಗೆ ಏನೂ ಕಡಿಮೆಯಿಲ್ಲ. ನೀವು ಕೂರುವ ಜಾಗಕ್ಕೂ ಸ್ಪೀಕರಿಗೂ ನಡುವೆ ನೆಲದ ಮೇಲೆ ದಪ್ಪ ಜಮಖಾನೆ ಹಾಸಿ. ಪಕ್ಕದ ಗೋಡೆಯಲ್ಲಿ ಎಲ್ಲಿ ಕೌದಿ ತೂಗಬೇಕೆಂದು ತಿಳಿಯಲು ಒಂದು ಕನ್ನಡಿ ಸಾಕು. ನೀವು ನಿಮ್ಮ ಜಾಗದಲ್ಲಿ ಕೂತಿರಿ, ಇನ್ನೊಬ್ಬರು ಕನ್ನಡಿಯನ್ನು ಗೋಡೆಗೊತ್ತಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಸದ್ದು ಮೊದಲು ಬಡಿದು ಬರುವ ಜಾಗ. ಅಲ್ಲಿ ಮಡಚಿದ ಕೌದಿಯನ್ನೋ ಕಂಬಳಿಯನ್ನೋ ಗೋಡೆಯಿಂದ ಒಂದೆರಡು ಇಂಚು ಬಿಟ್ಟು ತೂಗಿಹಾಕಿ. ಇಡೀ ಕೋಣೆಯನ್ನೇ ಮುಚ್ಚುವುದು ಬೇಡ. ಮಾರ್ದನಿ ಪೂರ್ತಿ ಸತ್ತರೆ ಹಾಡೂ ಸಪ್ಪೆಯಾಗುತ್ತದೆ.

ಜಾಗ ಹಿಡಿಸಿದ ಮೇಲೆ ಬಾಕ್ಸಿನ ಮುಖವನ್ನು ಒಳಕ್ಕೆ ತಿರುಗಿಸುವ ಕೆಲಸ. ಎರಡನ್ನೂ ನೇರ ಇಟ್ಟರೆ ಸದ್ದು ಅಗಲವಾಗಿ ಹರಡುತ್ತದೆ, ನಡುವಿನ ದನಿ ಸಡಿಲವಾಗುತ್ತದೆ. ಎರಡನ್ನೂ ಸರಿಯಾಗಿ ನಿಮ್ಮತ್ತ ತಿರುಗಿಸಿದರೆ ನಡುವಿನ ದನಿ ಗಟ್ಟಿಯಾಗುತ್ತದೆ, ಕೆಲವು ಟ್ವೀಟರುಗಳ ಹರಿತವೂ ಹೆಚ್ಚುತ್ತದೆ. ಇವೆರಡರ ನಡುವೆ ಎಲ್ಲೋ ನಿಮ್ಮ ಬಾಕ್ಸಿಗೆ ಒಗ್ಗುವ ಕೋನವಿದೆ. ಒಂದೊಂದು ಇಂಚು ತಿರುಗಿಸಿ ಕೇಳಿ. ಎರಡೂ ಬಾಕ್ಸುಗಳನ್ನು ಒಂದೇ ಅಳತೆಯಲ್ಲಿ ತಿರುಗಿಸಬೇಕೆಂಬುದು ನೆನಪಿರಲಿ.

ವೈರಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಆಂಪ್ಲಿಫೈಯರಿನ ಕೆಂಪು ಸ್ಪೀಕರಿನ ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಬೇಕು. ಒಂದು ಬಾಕ್ಸಿನಲ್ಲಿ ಇದು ಅದಲುಬದಲಾದರೆ ಒಂದು ವೂಫರ್ ಮುಂದೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ತಗ್ಗುಸ್ವರ ಸೊರಗುತ್ತದೆ, ಹಾಡುಗಾರ ಎಲ್ಲಿದ್ದಾನೆಂದೇ ಗೊತ್ತಾಗುವುದಿಲ್ಲ. ಇಂಥ ಜೋಡಣೆಯಲ್ಲಿ ಎಷ್ಟು ಅಳೆದು ಸರಿಸಿದರೂ ಫಲವಿಲ್ಲ, ಆದ್ದರಿಂದ ಇದನ್ನು ಎಲ್ಲಕ್ಕೂ ಮೊದಲು ನೋಡಿಬಿಡಿ.

ಪರೀಕ್ಷೆಗೆ ಯಾವ ಹಾಡು? ಹಳೆಯದರಿಂದಲೇ ಆರಂಭಿಸಿ. 1960ರ ದಶಕದ ಕನ್ನಡ ಚಿತ್ರಗೀತೆಗಳ ಮೂಲ ಮುದ್ರಣಗಳು ಮೋನೋ, ಎಡಬಲ ಎಂಬ ಭೇದ ಅವುಗಳಲ್ಲಿಲ್ಲ. ಪಿ.ಬಿ. ಶ್ರೀನಿವಾಸರ ದನಿ ಎರಡು ಬಾಕ್ಸುಗಳ ನಟ್ಟನಡುವೆ, ಒಂದೇ ಬಿಂದುವಿನಿಂದ ಬರಬೇಕು. ಅದು ಎಡಕ್ಕೋ ಬಲಕ್ಕೋ ವಾಲಿದರೆ ಅಳತೆಯಲ್ಲಿ ಎಲ್ಲೋ ತಪ್ಪಿದೆ. ಆಮೇಲೆ ಒಳ್ಳೆಯ ಸ್ಟೀರಿಯೋ ಮುದ್ರಣವಿರುವ ಹಿಂದೂಸ್ತಾನಿ ಗಾಯನ ಹಾಕಿ. ಈ ಸೀಮೆಯವರಿಗೆ ಅದು ದೂರದ್ದಲ್ಲ: ತುಂಗಭದ್ರೆಯ ಆಚೆ ದಡದ ಗದಗ ಭೀಮಸೇನ ಜೋಶಿಯವರ ಊರು, ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದ ಊರು. ಕಣ್ಣು ಮುಚ್ಚಿ ಕೇಳಿ. ಗಾಯಕರು ನಡುವೆ, ತಬಲಾ ಒಂದು ಮಗ್ಗುಲಿಗೆ, ಹಾರ್ಮೋನಿಯಂ ಇನ್ನೊಂದು ಮಗ್ಗುಲಿಗೆ, ತಂಬೂರಿಗಳು ಹಿಂದೆ ಎಂದು ಬೆರಳು ತೋರಿಸುವಷ್ಟು ಸ್ಪಷ್ಟವಾದರೆ ನಿಮ್ಮ ಕೆಲಸ ಮುಗಿಯಿತು. ಭಾವಗೀತೆ ಪ್ರಿಯರು ‘ನಿತ್ಯೋತ್ಸವ’ ಹಾಕಬಹುದು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಆ ಕ್ಯಾಸೆಟ್ 1978ರಲ್ಲಿ ಬಂದಿತು. ಅದರಲ್ಲಿ ಒಂದೊಂದು ಶಬ್ದವೂ ಅರ್ಥವಾಗುವಂತೆ ಕೇಳಬೇಕು.

ಜಾಗ ಸರಿಹೋದರೆ ಇನ್ನೊಂದು ಲಾಭವಿದೆ. ಮಾತು ತಿಳಿಯಲಿಲ್ಲವೆಂದೇ ನಾವು ವಾಲ್ಯೂಮ್ ಏರಿಸುತ್ತೇವೆ. ನೇರ ದನಿ ಸ್ಪಷ್ಟವಾಗಿ ಬಂದರೆ ಕಡಿಮೆ ಸದ್ದಿನಲ್ಲೇ ಕಿವಿ ತುಂಬುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ನಿಯಮಕ್ಕಿಂತಲೂ ದೊಡ್ಡದು ಪಕ್ಕದ ಮನೆಯ ಓದುವ ಮಗು, ಮಲಗಿದ ಅಜ್ಜಿ. ತುಂಗಭದ್ರೆಯ ಹಿನ್ನೀರಿನ ಈ ಸೀಮೆಯಲ್ಲಿ ಸದ್ದು ಕಡಿಮೆಯಿರಬೇಕಾದವರು ಮನುಷ್ಯರಷ್ಟೇ ಅಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದೆ, ಅಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ.

ಕೊನೆಗೆ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೋರಿಕೆ. ಪಾಯ ತೋಡುವ ಮುನ್ನ, ಹಾಡು ಕೇಳುವ ಕೋಣೆಯೊಂದನ್ನಾದರೂ ಹತ್ತು ಬೈ ಹತ್ತರ ಚೌಕ ಮಾಡಬೇಡಿ ಎಂದು ಮೇಸ್ತ್ರಿಗೆ ಹೇಳಿ. ಅಗಲ ಹತ್ತಿದ್ದರೆ ಉದ್ದ ಹದಿಮೂರು, ಎತ್ತರ ಹನ್ನೊಂದು, ಹೀಗೆ ಮೂರು ಅಳತೆಗಳೂ ಬೇರೆಬೇರೆಯಾಗಿರಲಿ. ಮನೆ ಈಗಾಗಲೇ ಕಟ್ಟಿ ಮುಗಿದವರು ಈ ಭಾನುವಾರ ಟೇಪು ಹುಡುಕಿ, ಬೀರುವಿನ ಮೇಲಿನ ಬಾಕ್ಸನ್ನು ಕೆಳಗಿಳಿಸಿ, ಗೋಡೆಯಿಂದ ಮುಂದೆ ತಂದು ಕೂತು ಕೇಳಿ. ಹೊಸ ಸ್ಪೀಕರಿಗೆ ಕೂಡಿಸಿಟ್ಟ ದುಡ್ಡನ್ನು ಅದಾದ ಮೇಲಷ್ಟೇ ಮುಟ್ಟಿ.